ರೀಸ್ಟಾರ್ಟ್ ಮಾಡುವ ಮೊದಲು ಲಾಗ್ ತೆರೆಯಿರಿ

ಸರ್ವರ್ ಕೈಕೊಟ್ಟರೆ ಮೊದಲು ಬರುವ ಮಾತು, ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ’. ಮಾಡುತ್ತಾರೆ, ಸರಿಹೋಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಅಳುವ ಮಗುವಿಗೆ ದೃಷ್ಟಿ ತೆಗೆದ ಹಾಗೆ ಇದು. ಅಳು ನಿಂತಿತು ನಿಜ, ಹೊಟ್ಟೆನೋವು ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಓದುಬರಹ ಬಲ್ಲ ಎಂಜಿನಿಯರುಗಳೇ ಹೀಗೆ ಮಾಡುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಲಿನಕ್ಸ್ ಸರ್ವರ್ ದಿನಾ ರಾತ್ರಿ 3 ಗಂಟೆ ಸುಮಾರಿಗೆ ಮಲಗಿಬಿಡುತ್ತಿತ್ತು. ಬೆಳಿಗ್ಗೆ 10ಕ್ಕೆ ಬಂದವರು ರೀಸ್ಟಾರ್ಟ್ ಮಾಡುತ್ತಿದ್ದರು. ರಾತ್ರಿಯ ಬ್ಯಾಕಪ್ ಕಾರಣ ಅಂತ ಒಬ್ಬರು, ರ್‍ಯಾಮ್ ಸಾಲದು ಅಂತ ಇನ್ನೊಬ್ಬರು. ಲಾಗ್, ಅಂದರೆ ಏನೇನು ಆಯಿತು ಅಂತ ಸರ್ವರ್ ತಾನೇ ಸಮಯದ ಸಮೇತ ಬರೆದಿಡುವ ದಿನಚರಿ, ತೆರೆದರೆ ಒಂದೇ ಸಾಲು ಸಾವಿರಾರು ಸಲ ಬಿದ್ದಿತ್ತು: ‘ಟೂ ಮೆನಿ ಓಪನ್ ಫೈಲ್ಸ್’.

ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಪ್ರೋಗ್ರಾಂ ಏಕಕಾಲಕ್ಕೆ ಇಷ್ಟೇ ಫೈಲ್ ತೆರೆದಿಟ್ಟುಕೊಳ್ಳಬಹುದು ಅಂತ ಮಿತಿ ಇದೆ. ನಾವಾಗಿ ಬದಲಿಸದಿದ್ದರೆ ಸಾಮಾನ್ಯವಾಗಿ 1024. ನೆಟ್‌ವರ್ಕ್ ಕನೆಕ್ಷನ್ನೂ ಇಲ್ಲಿ ಫೈಲ್ ಲೆಕ್ಕಕ್ಕೇ ಸೇರುತ್ತದೆ. ದರ್ಶಿನಿಯೊಂದನ್ನು ನೆನೆಸಿಕೊಳ್ಳಿ. ಡಿಕಾಕ್ಷನ್ ಇದೆ, ಹಾಲು ಕುದಿಯುತ್ತಿದೆ, ಕೆಲಸದವರು ಸುಮ್ನೆ ನಿಂತಿದ್ದಾರೆ, ಆದರೂ ಕಾಫಿ ಸಿಗುತ್ತಿಲ್ಲ. ಯಾಕೆ? ಲೋಟ ಇಲ್ಲ! ನಿಮಿಷಕ್ಕೊಬ್ಬ ಗಿರಾಕಿ ಲೋಟವನ್ನು ಮನೆಗೆ ಒಯ್ಯುತ್ತಿದ್ದಾನೆ. ಇಂಥ ಹೋಟೆಲಿಗೆ ಇನ್ನೊಬ್ಬ ಅಡುಗೆ ಭಟ್ಟರನ್ನು ತಂದರೆ ಏನು ಪ್ರಯೋಜನ? ರ್‍ಯಾಮ್ ಹೆಚ್ಚಿಸುವುದೂ ಅಷ್ಟೇ. ಲೈಬ್ರರಿ ಅಂದುಕೊಂಡರೂ ಸರಿ, ಕಪಾಟು ಎಷ್ಟೇ ದೊಡ್ಡದಿರಲಿ, ಒಯ್ದ ಪುಸ್ತಕ ವಾಪಸ್ ಬರದಿದ್ದರೆ ಒಂದು ದಿನ ಖಾಲಿಯೇ.

ನಮ್ಮಲ್ಲಿ ಲೋಟ ಒಯ್ಯುತ್ತಿದ್ದದ್ದು ನಿಮಿಷಕ್ಕೊಮ್ಮೆ ಬೇರೊಂದು ಸರ್ವರ್ ಬದುಕಿದೆಯಾ ಅಂತ ವಿಚಾರಿಸುವ ಪುಟ್ಟ ಕೋಡ್. ಉತ್ತರ ಬರದಿದ್ದಾಗ ಕನೆಕ್ಷನ್ ಮುಚ್ಚುವುದನ್ನು ಬರೆದವರು ಮರೆತಿದ್ದರು, ಆ ಸರ್ವರ್ ನಿಂತುಹೋಗಿ ಎಷ್ಟೋ ದಿನವಾಗಿತ್ತು. ರೀಸ್ಟಾರ್ಟ್ ಮಾಡಿದರೆ ಲೋಟಗಳೆಲ್ಲ ವಾಪಸ್, ಎಣಿಕೆ ಮತ್ತೆ ಸೊನ್ನೆಯಿಂದ. ಈಗ ಲೆಕ್ಕ ಹಾಕಿ. ನಿಮಿಷಕ್ಕೆ ಒಂದರಂತೆ 1024 ನಿಮಿಷ ಅಂದರೆ ಸುಮಾರು 17 ಗಂಟೆ. ಬೆಳಿಗ್ಗೆ 10ಕ್ಕೆ 17 ಸೇರಿಸಿದರೆ ರಾತ್ರಿ 3! ಬ್ಯಾಕಪ್ ಪಾಪ ಏನೂ ಮಾಡಿರಲಿಲ್ಲ. 3 ಗಂಟೆಯ ಮುಹೂರ್ತ ಇಟ್ಟದ್ದು ಬೆಳಗಿನ ರೀಸ್ಟಾರ್ಟೇ. ಮಿತಿಯನ್ನು 65535ಕ್ಕೆ ಏರಿಸಿದ್ದರೆ ಇದೇ ಕಾಯಿಲೆ ಸುಮಾರು 45 ದಿನಕ್ಕೊಮ್ಮೆ ಕಾಣಿಸಿಕೊಳ್ಳುತ್ತಿತ್ತು, ಆಗ ಜನ ಅಮಾವಾಸ್ಯೆಯ ಲೆಕ್ಕ ಹಾಕಲು ಶುರು ಮಾಡುತ್ತಿದ್ದರೋ ಏನೋ.

ರೀಸ್ಟಾರ್ಟ್ ಮಾಡಲೇಬಾರದು ಅಂತಲ್ಲ. 1969ರ ಜುಲೈ 20ರಂದು ಅಪೊಲೊ 11ರ ‘ಈಗಲ್’ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರ್ 1202 ಅಂತ ಎಚ್ಚರಿಕೆ ಕೊಟ್ಟಿತು, ಆಮೇಲೆ 1201. ಹೊಸ ಕೆಲಸ ಇಟ್ಟುಕೊಳ್ಳಲು ಮೆಮೊರಿಯಲ್ಲಿ ಜಾಗವಿಲ್ಲ ಅಂತ ಅರ್ಥ. ಆ ಹೊತ್ತಿಗೆ ಬೇಕಿಲ್ಲದ ಒಂದು ರೇಡಾರ್‌ನ ಸಂಕೇತಗಳು ಕಂಪ್ಯೂಟರಿನ ಸಮಯ ತಿನ್ನುತ್ತಿದ್ದವು. ಅದೂ ರೀಸ್ಟಾರ್ಟ್ ಆಯಿತು, ಒಂದಲ್ಲ, ಹಲವು ಸಲ. ಆದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಅದರ ಪ್ರೋಗ್ರಾಂ ಅನ್ನು ಎಷ್ಟು ಚೆಂದ ಬರೆದಿದ್ದರು ಅಂದರೆ, ಇಳಿಯುವ ಲೆಕ್ಕಾಚಾರ ಉಳಿಯುತ್ತಿತ್ತು, ಅಷ್ಟು ಮುಖ್ಯವಲ್ಲದ ಕೆಲಸಗಳು ಬಿದ್ದುಹೋಗುತ್ತಿದ್ದವು, ಯಾವ ಮಿತಿ ಮುಟ್ಟಿತು ಅನ್ನುವುದು ಸಂಖ್ಯೆಯಾಗಿ ಕಣ್ಣೆದುರು ಬರುತ್ತಿತ್ತು. ನೆನೆದಾಗೆಲ್ಲ ರೋಮಾಂಚನವಾಗುತ್ತದೆ.

ಎಲ್ಲ ಮಿತಿಯೂ ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಸಲ ಲಾಗ್‌ನಲ್ಲಿ ಒಂದೂ ಎರರ್ ಇರುವುದಿಲ್ಲ. ಆಗ ಸಾಲುಗಳಿಗಿಂತ ಸಾಲುಗಳ ನಡುವಿನ ಸಮಯವನ್ನು ಓದಬೇಕು. ಅದೇ ಕಚೇರಿಯ ಇನ್ನೊಂದು ಲಾಗ್ ನೋಡಿ. ಇಲ್ಲಿ ನಮ್ಮ ಪ್ರೋಗ್ರಾಂ ಡೇಟಾಬೇಸಿಗೆ ಕನೆಕ್ಷನ್ ಪಡೆದು ಒಂದು ಕ್ವೆರಿ, ಅಂದರೆ ಮಾಹಿತಿಗಾಗಿ ಒಂದು ಪ್ರಶ್ನೆ, ಕೇಳುತ್ತದೆ:

10:14:07.310 ಕನೆಕ್ಷನ್ ಕೇಳಿದೆ
10:14:09.870 ಕನೆಕ್ಷನ್ ಸಿಕ್ಕಿತು
10:14:09.895 ಕ್ವೆರಿ ಮುಗಿಯಿತು
10:14:10.380 ಕನೆಕ್ಷನ್ ವಾಪಸ್

ಡೇಟಾಬೇಸ್ ನಿಧಾನ ಅಂತ ಎಲ್ಲರೂ ಕ್ವೆರಿಯನ್ನೇ ತಿದ್ದುತ್ತ ಕೂತಿದ್ದರು. ಕ್ವೆರಿ ತೆಗೆದುಕೊಂಡದ್ದು ಬರೀ 25 ಮಿಲಿಸೆಕೆಂಡ್! ಎರಡೂವರೆ ಸೆಕೆಂಡಿಗೂ ಜಾಸ್ತಿ ಹೊತ್ತು ಹೋದದ್ದು ಕ್ಯೂನಲ್ಲಿ. ಡೇಟಾಬೇಸಿಗೆ ಎಲ್ಲರೂ ಹಂಚಿಕೊಳ್ಳಲು ಇದ್ದದ್ದು 10 ಕನೆಕ್ಷನ್. ಒಂದನ್ನು 25 ಮಿಲಿಸೆಕೆಂಡಿಗೇ ಬಿಟ್ಟುಕೊಟ್ಟರೆ ಸೆಕೆಂಡಿಗೆ 400 ಜನರ ಕೆಲಸ ಆಗುತ್ತದೆ. ಅರ್ಧ ಸೆಕೆಂಡು ಹಿಡಿದುಕೊಂಡರೆ 20 ಅಷ್ಟೇ. ಹತ್ತು ಕೌಂಟರಿನ ಬ್ಯಾಂಕಿನಲ್ಲಿ ಹಣ ಎಣಿಸಿಕೊಂಡವರು ಕಿಟಕಿ ಬಿಡದೆ ಫೋನಿನಲ್ಲಿ ಮಾತಾಡುತ್ತ ನಿಂತ ಹಾಗೆ.

ನಾಲ್ಕನೇ ಸಾಲು ನೋಡಿ. ಕ್ವೆರಿ ಮುಗಿದ ಮೇಲೂ 485 ಮಿಲಿಸೆಕೆಂಡ್ ಕನೆಕ್ಷನ್ ಕೈಯಲ್ಲೇ ಇದೆ. ನಮ್ಮ ಕೋಡ್ ಅದನ್ನು ಹಿಡಿದುಕೊಂಡೇ ಎಸ್‌ಎಂಎಸ್ ಕಳಿಸಿ, ಅದರ ಉತ್ತರಕ್ಕೆ ಕಾಯುತ್ತಿತ್ತು. ಕನೆಕ್ಷನ್ ವಾಪಸ್ ಕೊಡುವ ಸಾಲನ್ನು ಎಸ್‌ಎಂಎಸ್ ಕಳಿಸುವ ಸಾಲಿನ ಮೇಲಕ್ಕೆ ತಂದೆವು. ಮಾರನೇ ದಿನದ ಲಾಗ್‌ನಲ್ಲಿ ಕನೆಕ್ಷನ್ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ 2 ಮಿಲಿಸೆಕೆಂಡ್ ಇತ್ತು.