ದೇವಾಲದ ಚಿನ್ನ: ಮೇಲೆ ಕಂಡದ್ದು, ಆಳದಲ್ಲಿ ಸಿಗದ್ದು

ನೀಲಗಿರಿ ಜಿಲ್ಲೆಯ ದೇವಾಲ, ಪಂದಲೂರು ಸುತ್ತಿನ ಚಹಾ ತೋಟಗಳ ನಡುವೆ ಪೊದೆ ಮುಚ್ಚಿದ ಹಳೆಯ ಚಿನ್ನದ ಗಣಿಗಳಿವೆ. ಈ ಭಾಗವನ್ನು ಬ್ರಿಟಿಷರ ಕಾಲದಲ್ಲಿ ಆಗ್ನೇಯ ವಯನಾಡು ಎನ್ನುತ್ತಿದ್ದರು. ಸ್ಥಳೀಯರು ಬಹುಕಾಲದಿಂದ ಹೊಳೆಯ ಮರಳನ್ನು ಜಾಲಿಸಿ ಚೂರುಪಾರು ಚಿನ್ನ ತೆಗೆಯುತ್ತಿದ್ದರು. 1879ರಲ್ಲಿ ಸರ್ಕಾರ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ರಾಬರ್ಟ್ ಬ್ರಫ್ ಸ್ಮಿತ್ ಎಂಬ ತಜ್ಞನನ್ನು ಕರೆಸಿತು. 1880ರಲ್ಲಿ ಬಂದ ಆತನ ಆಶಾದಾಯಕ ವರದಿಯಿಂದ ಲಂಡನ್ನಿನಲ್ಲಿ ಷೇರುಗಳ ಹುಚ್ಚು ಏರಿತು. ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ನಷ್ಟದಲ್ಲಿದ್ದ ಕಾಫಿ ತೋಟಗಳು ‘ಚಿನ್ನದ ಜಮೀನು’ ಎಂದು ದುಬಾರಿ ಬೆಲೆಗೆ ಕೈಬದಲಾದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಕುಸಿಯಿತು. ದುರಾಸೆ, ಮೋಸ ಎರಡೂ ಇದ್ದವು, ನಿಜ. ಆದರೆ ಕಲ್ಲಿನ ಪಾತ್ರವೂ ಕಡಿಮೆಯದಲ್ಲ.

ಚಿನ್ನ ಇರುವುದು ‘ನೈಸ್’ ಎಂಬ ಪಟ್ಟೆಪಟ್ಟೆಯ ಗಟ್ಟಿ ಶಿಲೆಯನ್ನು ಸೀಳಿಕೊಂಡು ಹೋದ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಭೂಮಿಯಾಳದ ಬಿಸಿ ದ್ರವದಲ್ಲಿ ಚಿನ್ನ ಗಂಧಕದ ಜೊತೆ ಸೇರಿ ಕರಗಿರುತ್ತದೆ. ಆ ದ್ರವ ಬಿರುಕಿನಲ್ಲಿ ಏರುವಾಗ ಗಂಧಕವನ್ನು ಸುತ್ತಲಿನ ಶಿಲೆಯ ಕಬ್ಬಿಣ ಹಿಡಿದುಕೊಂಡು ಪೈರೈಟ್ ಆಗುತ್ತದೆ. ಜೊತೆ ತಪ್ಪಿದ ಚಿನ್ನ ಅಲ್ಲೇ ಕೂರುತ್ತದೆ, ಬಹಳಷ್ಟು ಪೈರೈಟಿನ ಒಳಗೇ.

ಮಳೆನೀರು, ಗಾಳಿ ತಾಗುವ ಮೇಲ್ಭಾಗದಲ್ಲಿ ಈ ಪೈರೈಟ್ ಕೊಳೆಯುತ್ತದೆ. ಗಣಿಯ ಪಕ್ಕದ ಗುಡ್ಡೆಯಲ್ಲಿ ಬಿದ್ದ ತುಕ್ಕುಬಣ್ಣದ ಬೆಣಚುಕಲ್ಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಚಚ್ಚೌಕ ಗುಳಿಗಳು ಕಾಣುತ್ತವೆ. ಪೈರೈಟಿನ ಘನಾಕೃತಿಯ ಹರಳುಗಳು ಕರಗಿಹೋದ ಅಚ್ಚು ಅದು. ಕರಗದ ಚಿನ್ನ ಬಿಡಿಯಾಗಿ ಉಳಿಯುತ್ತದೆ. ಉಳಿದದ್ದು ತೊಳೆದುಹೋದಂತೆ ಅದರ ಪ್ರಮಾಣವೂ ಹೆಚ್ಚುತ್ತದೆ. ಕಂಪನಿಗಳ ಕಣ್ಣು ಕುಕ್ಕಿದ್ದು ಈ ಮೇಲ್ಪದರ.

ಮಾದರಿ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. 1 ಮಿ.ಮೀ. ಅಡ್ಡಗಲದ ಚಿನ್ನದ ಒಂದು ಗುಂಡು ಕಣ ಸುಮಾರು 10 ಮಿಲಿಗ್ರಾಂ ತೂಗುತ್ತದೆ. ಒಂದು ಕಿಲೋ ಕಲ್ಲಿನಲ್ಲಿ ಅಂಥ ಒಂದೇ ಕಣ ಸಿಕ್ಕರೆ ‘ಟನ್ನಿಗೆ 10 ಗ್ರಾಂ’ ಎಂಬ ಲೆಕ್ಕ ಬರುತ್ತದೆ. ಪಕ್ಕದ ಒಂಬತ್ತು ಕಿಲೋದಲ್ಲಿ ಏನೂ ಇಲ್ಲದಿದ್ದರೆ ನಿಜವಾದ ಸರಾಸರಿ 1 ಗ್ರಾಂ. ಹೊಳೆಯುವ ಕಲ್ಲನ್ನೇ ಆರಿಸಿ ಕಳಿಸಿದರಂತೂ ಮುಗಿದೇ ಹೋಯಿತು.

ಅಂತರ್ಜಲ ಮಟ್ಟದ ಕೆಳಗೆ ಪೈರೈಟ್ ಗಟ್ಟಿಯಾಗಿಯೇ ಇರುತ್ತದೆ. ಆ ಕಾಲದ ಗಿರಣಿಯಲ್ಲಿ ಕಬ್ಬಿಣದ ಒನಕೆಗಳು ಅದಿರನ್ನು ನೀರಿನೊಂದಿಗೆ ಕುಟ್ಟುತ್ತಿದ್ದವು. ಆ ಕೆಸರು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತಿತ್ತು. ಪಾದರಸಕ್ಕೆ ಅಂಟಿದ ಚಿನ್ನವನ್ನು ಕೆರೆದು, ಹಿಂಡಿ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಬಿಡಿ ಚಿನ್ನಕ್ಕೆ ಇದು ಸೊಗಸಾದ ವಿಧಾನ. ಪೈರೈಟಿನೊಳಗಿನ ಕಣಕ್ಕೆ ಪಾದರಸ ತಾಗುವುದೇ ಇಲ್ಲ. ಸಾಲದ್ದಕ್ಕೆ ಗಂಧಕದ ಖನಿಜಗಳಿಂದ ಪಾದರಸ ಮಂಕಾಗಿ, ಸಣ್ಣ ಹನಿಗಳಾಗಿ ಒಡೆದು, ಹಿಡಿದ ಚಿನ್ನದೊಂದಿಗೇ ಕೊಚ್ಚಿಹೋಗುತ್ತದೆ. ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಅಷ್ಟರಲ್ಲಿ ಇಲ್ಲಿನ ಅಬ್ಬರ ಇಳಿದಿತ್ತು. ಅದು ಮೊದಲೇ ಬಂದಿದ್ದರೂ ಬಡ ಅದಿರನ್ನು ಶ್ರೀಮಂತ ಮಾಡುತ್ತಿರಲಿಲ್ಲ. ಅದೇ ದಶಕದಲ್ಲಿ ಶುರುವಾದ ಕೋಲಾರದ ಗಣಿ ಉಳಿದದ್ದು ಅಲ್ಲಿನ ‘ಚಾಂಪಿಯನ್ ರೀಫ್’ ಎಂಬ ಬೆಣಚುಕಲ್ಲಿನ ಪಟ್ಟಿ ಆಳಕ್ಕಿಳಿದರೂ ಚಿನ್ನ ಕೊಡುತ್ತಲೇ ಹೋದದ್ದರಿಂದ. ಅಲ್ಲಿ 3 ಕಿ.ಮೀ.ಗೂ ಆಳಕ್ಕೆ ಅಗೆದರು.

ದೇವಾಲದ ಹಳೆಯ ಸುರಂಗಗಳಿಗೆ ಈಗಲೂ ಕದ್ದು ಇಳಿಯುವವರಿದ್ದಾರೆ, ಸತ್ತವರೂ ಇದ್ದಾರೆ. ಮಳೆಗೆ ನೆನೆದ ಜಂಬಿಟ್ಟಿಗೆ ಮಣ್ಣು ಆಸರೆಯಿಲ್ಲದೆ ಕುಸಿಯುವುದು ಒಂದು ಅಪಾಯ. ಇನ್ನೊಂದು ಕಣ್ಣಿಗೆ ಕಾಣದು: ಕೊಳೆಯುವ ಪೈರೈಟ್ ಮತ್ತು ಮರದ ತೊಲೆಗಳು ಒಳಗಿನ ಆಮ್ಲಜನಕವನ್ನು ಹೀರುತ್ತವೆ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಬಿದ್ದವನನ್ನು ಎತ್ತಲು ಹಾಗೆಯೇ ಇಳಿದವನೂ ಅಲ್ಲೇ ಬೀಳುತ್ತಾನೆ.