ವಿಳಾಸವೇ ಶಾಲೆ: ಹೋವರ್ಡ್ ಕೌಂಟಿಯ ಗಡಿ ಜಗಳವನ್ನು ಓದುವ ಬಗೆ

ಮೊದಲು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ಅಮೆರಿಕದಲ್ಲಿ ‘ರೀಡಿಸ್ಟ್ರಿಕ್ಟಿಂಗ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ನಮಗೆ ಪರಿಚಿತವಾದ ಚುನಾವಣಾ ಕ್ಷೇತ್ರಗಳ ಪುನರ್ವಿಂಗಡಣೆ. ಇನ್ನೊಂದು, ಯಾವ ಬೀದಿಯ ಮಕ್ಕಳು ಯಾವ ಸರ್ಕಾರಿ ಶಾಲೆಗೆ ಹೋಗಬೇಕು ಎಂಬ ಗಡಿಯನ್ನು ಹೊಸದಾಗಿ ಎಳೆಯುವುದು. 2019ರಲ್ಲಿ ಹೋವರ್ಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಎದ್ದ ಜಗಳ ಎರಡನೆಯದರ ಬಗ್ಗೆ. ಅದರ ಸುದ್ದಿಯನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಮತದಾರರನ್ನೇ ಹುಡುಕುತ್ತಿದ್ದೆ.

ನಮ್ಮ ನಗರಗಳಲ್ಲಿ ಪೋಷಕರು ಶಾಲೆಯನ್ನು ಶುಲ್ಕ ನೋಡಿ ಆರಿಸುತ್ತಾರೆ. ಅಲ್ಲಿ ಬಹುಪಾಲು ಮಕ್ಕಳ ಶಾಲೆಯನ್ನು ಮನೆಯ ವಿಳಾಸ ನಿರ್ಧರಿಸುತ್ತದೆ. ಹಾಗಾಗಿ ಮನೆ ಕೊಳ್ಳುವವರು ಶಾಲೆಯನ್ನೂ ಕೊಳ್ಳುತ್ತಾರೆ. ಗಡಿ ಸರಿದರೆ ಕೊಟ್ಟ ಹಣಕ್ಕೇ ಕುತ್ತು ಬಂತೆಂದು ಭಾವಿಸುತ್ತಾರೆ. ಈ ಜಗಳದ ಕಾವು ಹುಟ್ಟುವುದು ಇಲ್ಲಿಂದ.

ಕಾನೂನಿನ ಹಿನ್ನೆಲೆಯನ್ನು ಬೇಗ ನೋಡಿಬಿಡೋಣ. ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ಜನಾಂಗದ ಆಧಾರದ ಪ್ರತ್ಯೇಕ ಶಾಲೆಗಳನ್ನು ಸಂವಿಧಾನಬಾಹಿರ ಎಂದಿತು. ಮೇರಿಲ್ಯಾಂಡ್ ರಾಜ್ಯದ ಹೋವರ್ಡ್ ಕೌಂಟಿಯಲ್ಲಿ ಕಪ್ಪು ಮಕ್ಕಳಿಗೆಂದೇ ಇದ್ದ ಹ್ಯಾರಿಯೆಟ್ ಟಬ್ಮನ್ ಶಾಲೆ ಮುಚ್ಚಿದ್ದು 1965ರಲ್ಲಿ. ಅದೇ ಕೋರ್ಟಿನ 1974ರ ಮಿಲಿಕೆನ್ ತೀರ್ಪು ಡೆಟ್ರಾಯಿಟ್ ನಗರದ ಶಾಲೆಗಳನ್ನು ಸುತ್ತಲಿನ ಉಪನಗರಗಳೊಂದಿಗೆ ಬೆರೆಸುವ ದಾರಿಯನ್ನು ಬಹುತೇಕ ಮುಚ್ಚಿತು: ಒಂದು ಶಾಲಾ ಜಿಲ್ಲೆಯ, ಅಂದರೆ ಒಂದೇ ಶಾಲಾ ಮಂಡಳಿ ನಡೆಸುವ ವ್ಯಾಪ್ತಿಯ, ತಪ್ಪಿಗೆ ಪಕ್ಕದ ಜಿಲ್ಲೆ ಹೊಣೆಯಲ್ಲ. ಆದರೆ ಮೇರಿಲ್ಯಾಂಡಿನಲ್ಲಿ ಇಡೀ ಕೌಂಟಿಯೇ ಒಂದು ಶಾಲಾ ಜಿಲ್ಲೆ. ಶ್ರೀಮಂತ ಬಡಾವಣೆಯೂ ಬಡ ಬಡಾವಣೆಯೂ ಒಂದೇ ಮಂಡಳಿಯ ಕೈಯಲ್ಲಿರುವುದರಿಂದ ‘ಅದು ಬೇರೆ ಜಿಲ್ಲೆ’ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ಸುಪ್ರೀಂ ಕೋರ್ಟಿನ 2007ರ ತೀರ್ಪು ಒಬ್ಬೊಬ್ಬ ವಿದ್ಯಾರ್ಥಿಯ ಜನಾಂಗ ನೋಡಿ ಶಾಲೆ ಹಂಚುವುದನ್ನು ತಡೆದ ಮೇಲೆ ಮಂಡಳಿಗಳು ಆದಾಯದ ಅಳತೆಗೆ, ಅಂದರೆ ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಪ್ರಮಾಣಕ್ಕೆ, ಹೆಚ್ಚು ಆತುಕೊಂಡವು.

ಇನ್ನು ಹೋವರ್ಡ್. ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಡುವಿನ ಈ ಕೌಂಟಿಯಲ್ಲಿ ಜೇಮ್ಸ್ ರೌಸ್ 1967ರಲ್ಲಿ ಕೊಲಂಬಿಯಾ ಎಂಬ ಯೋಜಿತ ಪಟ್ಟಣವನ್ನು ತೆರೆದರು. ಎಲ್ಲ ಜನಾಂಗದವರೂ ಎಲ್ಲ ಆದಾಯದವರೂ ಒಟ್ಟಿಗೆ ಬಾಳಬೇಕೆಂಬುದು ಅವರ ಆಸೆಯಾಗಿತ್ತು. ಆದರೆ ಕೌಂಟಿಯ ಪಶ್ಚಿಮ ಭಾಗದ ಕತೆ ಬೇರೆ. ಅಲ್ಲಿ ಸಾರ್ವಜನಿಕ ಒಳಚರಂಡಿಯಿಲ್ಲ. ಮನೆಗಳು ಕೊಳವೆಬಾವಿ ಮತ್ತು ಶೌಚಗುಂಡಿಗಳನ್ನು ನಂಬಿವೆ. ಒಳಚರಂಡಿ ಇಲ್ಲದ ಕಡೆ ಅಪಾರ್ಟ್‌ಮೆಂಟ್ ಏಳುವುದಿಲ್ಲ, ದೊಡ್ಡ ನಿವೇಶನದ ಒಂಟಿ ಮನೆಗಳಷ್ಟೇ ಏಳುತ್ತವೆ. ಕಡಿಮೆ ಬಾಡಿಗೆಯ ಮನೆಗಳೆಲ್ಲ ಪೂರ್ವದಲ್ಲೇ ಒತ್ತೊತ್ತಾಗಿ ಸೇರಿದವು. ಶಾಲೆಯ ಗಡಿಗಿಂತ ಮೊದಲೇ ಒಳಚರಂಡಿಯ ಕೊಳವೆಯೊಂದು ಗಡಿ ಎಳೆದಿತ್ತು!

2019ರ ಆಗಸ್ಟ್‌ನಲ್ಲಿ ಶಾಲಾ ಸೂಪರಿಂಟೆಂಡೆಂಟ್ ಮೈಕೆಲ್ ಮಾರ್ಟಿರಾನೊ ಸುಮಾರು 7,400 ಮಕ್ಕಳ ಶಾಲೆ ಬದಲಿಸುವ ಯೋಜನೆ ಮುಂದಿಟ್ಟರು. ಉದ್ದೇಶ ಎರಡು: ಕಿಕ್ಕಿರಿದ ಶಾಲೆಗಳನ್ನು ಸಡಿಲಿಸುವುದು, ಬಡತನ ಕೆಲವೇ ಶಾಲೆಗಳಲ್ಲಿ ಜಮೆಯಾಗುವುದನ್ನು ತಗ್ಗಿಸುವುದು. ಎರಡನ್ನೂ ಒಂದೇ ನಕ್ಷೆಗೆ ಹೊರಿಸಿದ್ದೇ ತೊಡಕಾಯಿತು ಎಂದು ನನಗನಿಸುತ್ತದೆ. ಯಾವ ಬೀದಿಯನ್ನು ಯಾವ ಕಾರಣಕ್ಕೆ ಸರಿಸಿದರು ಎಂಬುದು ಅಸ್ಪಷ್ಟವಾದಾಗ, ಜಾಗದ ಲೆಕ್ಕವೂ ಸಮಾನತೆಯ ನೆಪದಂತೆ ಕಂಡಿತು. ನವೆಂಬರ್‌ನಲ್ಲಿ ಮಂಡಳಿ ಒಪ್ಪಿದ್ದು ಸುಮಾರು 5,400 ಮಕ್ಕಳ ಸ್ಥಳಾಂತರವನ್ನು.

ವಾದಗಳನ್ನು ತೂಗುವಾಗ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ‘ನಡೆದು ಹೋಗುವ ಮಗುವನ್ನು ಬಸ್ ಹತ್ತಿಸುತ್ತೀರಿ’, ‘ಒಂದೇ ಮಗು ಎಷ್ಟು ಸಲ ಶಾಲೆ ಬದಲಿಸಬೇಕು’ ಎಂಬ ಆಕ್ಷೇಪಗಳು ಗಟ್ಟಿಯಾದವು. ‘ನಮ್ಮ ನೆರೆಹೊರೆಯ ಶಾಲೆ’ ಎಂಬುದು ಅಷ್ಟು ಗಟ್ಟಿಯಲ್ಲ, ಏಕೆಂದರೆ ಆ ನೆರೆಹೊರೆಯಲ್ಲಿ ಯಾರು ಇರಬಹುದು ಎಂಬುದನ್ನು ಎಲ್ಲಿ ಎಂಥ ಮನೆ ಕಟ್ಟಬಹುದೆಂದು ಹೇಳುವ ವಲಯ ನಿಯಮ ಆಗಲೇ ತೀರ್ಮಾನಿಸಿರುತ್ತದೆ. ಇನ್ನೊಂದು ಗಂಟೂ ಇದೆ. ಪ್ರಾಥಮಿಕ ಶಾಲೆ ತನ್ನ ಸಾಮರ್ಥ್ಯದ ಶೇ 105ನ್ನು ಮೀರಿದರೆ ಆ ವ್ಯಾಪ್ತಿಯಲ್ಲಿ ಹೊಸ ಮನೆಗಳಿಗೆ ತಾತ್ಕಾಲಿಕ ತಡೆ ಬೀಳುವ ನಿಯಮ ಕೌಂಟಿಯಲ್ಲಿದೆ. ಶಾಲೆ ಕಿಕ್ಕಿರಿದಿರುವುದೇ ಕೈಗೆಟಕುವ ಮನೆಗಳಿಗೂ ಬಾಗಿಲು ಹಾಕುತ್ತದೆ.

ಹಾಗಾದರೆ ಗಡಿಯನ್ನು ಬಿಟ್ಟು ಮನೆಯನ್ನೇ ಸರಿಸಿದರೆ? ಪಕ್ಕದ ಮಾಂಟ್ಗೊಮೆರಿ ಕೌಂಟಿ 1974ರಿಂದ ದೊಡ್ಡ ಬಡಾವಣೆ ಕಟ್ಟುವವರು ಒಂದು ಪಾಲು ಮನೆಗಳನ್ನು ಅಗ್ಗವಾಗಿ ಕೊಡಬೇಕೆಂದು ಕಡ್ಡಾಯ ಮಾಡಿದೆ. ಅವುಗಳಲ್ಲಿ ಕೆಲವನ್ನು ವಸತಿ ಪ್ರಾಧಿಕಾರವೇ ಕೊಂಡು ಬಡವರಿಗೆ ಬಾಡಿಗೆಗೆ ಕೊಡುತ್ತದೆ. ಹೆದರ್ ಶ್ವಾರ್ಟ್ಸ್ ಅವರ 2010ರ ಅಧ್ಯಯನ ಇಂಥ ಸಾರ್ವಜನಿಕ ವಸತಿಯ 858 ಮಕ್ಕಳನ್ನು 2001ರಿಂದ 2007ರವರೆಗೆ ಹಿಂಬಾಲಿಸಿತು. ಗಮನಿಸಬೇಕಾದದ್ದು ಅದರ ವಿಧಾನ. ಸಾಮಾನ್ಯವಾಗಿ ಒಳ್ಳೆಯ ಶಾಲೆಯ ಬಡ ಮಗು ಚೆನ್ನಾಗಿ ಓದಿದರೆ, ಅದು ಶಾಲೆಯ ಫಲವೋ ಛಲ ಹಿಡಿದು ಅಲ್ಲಿಗೆ ಸೇರಿಸಿದ ಪೋಷಕರ ಫಲವೋ ಹೇಳಲಾಗದು. ಇಲ್ಲಿ ಕುಟುಂಬಗಳಿಗೆ ಮನೆ ಸಿಕ್ಕಿದ್ದು ಲಾಟರಿಯಂತೆ, ಆದ್ದರಿಂದ ಆ ಅನುಮಾನ ಬಹಳಷ್ಟು ಕರಗುತ್ತದೆ. ಕೌಂಟಿ ಹೆಚ್ಚುವರಿ ಹಣ ಸುರಿದ ಬಡ ಶಾಲೆಗಳ ಮಕ್ಕಳಿಗಿಂತ ಬಡತನ ತೀರಾ ಕಡಿಮೆಯಿದ್ದ ಶಾಲೆಗಳಿಗೆ ಹೋದ ಮಕ್ಕಳೇ ಮುಂದೆ ಬಂದರು. ಪ್ರಾಥಮಿಕ ಹಂತ ಮುಗಿಯುವ ವೇಳೆಗೆ ಗಣಿತದಲ್ಲಿ ಸ್ಥಿತಿವಂತ ಮಕ್ಕಳೊಂದಿಗಿನ ಅಂತರ ಅರ್ಧಕ್ಕಿಳಿದಿತ್ತು. ಒಂದೆರಡು ವರ್ಷಗಳಲ್ಲಿ ಆದ ಫಲವಲ್ಲ ಇದು. ಕುಟುಂಬಗಳು ಅಲ್ಲೇ ನೆಲೆನಿಂತವು, ಮಕ್ಕಳು ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಉಳಿದರು. ಹೋವರ್ಡ್ ಪೋಷಕರು ಕೇಳುತ್ತಿದ್ದ ಸ್ಥಿರತೆಯೂ ಅದೇ ಅಲ್ಲವೇ?

ಹೋವರ್ಡ್‌ನಲ್ಲಿ 2023ರಲ್ಲಿ ಜೆಸಪ್ ಬಳಿ ಗಿಲ್‌ಫರ್ಡ್ ಪಾರ್ಕ್ ಹೈಸ್ಕೂಲ್ ತೆರೆಯಿತು. ಅದರ ತರಗತಿಗಳನ್ನು ತುಂಬಲು ಗಡಿಯನ್ನು ಮತ್ತೊಮ್ಮೆ ಎಳೆಯಬೇಕಾಯಿತು.