ಲಾರಿಯನ್ನು ಪೂರ್ತಿ ಬಿಚ್ಚಬೇಡಿ

ನಮ್ಮ ಗ್ಯಾರೇಜಿಗೆ ಹಳೆ ಲಾರಿ ತರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಒಬ್ಬರದು ಅಪ್ಪನ ಕಾಲದ ಟಾಟಾ ಮರ್ಸಿಡಿಸ್. ಇನ್ನೊಬ್ಬರು ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಬೆಡ್‌ಫೋರ್ಡನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬರುತ್ತಾರೆ. ಬ್ಯಾಂಕಿನಿಂದ ರಿಟೈರ್ ಆಗಿ, ಮನೆಯಲ್ಲಿ ಸುಮ್ನೆ ಕೂರಲಾಗದೆ, ಗುಜರಿಗೆ ಹೊರಟಿದ್ದ ಫಾರ್ಗೊ ಲಾರಿಯನ್ನು ಕೊಂಡವರೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು. "ಮೇಸ್ತ್ರಿ, ಪೂರ್ತಿ ಬಿಚ್ಚಿ ಹೊಸದರ ಹಾಗೆ ಮಾಡೋಣ್ವಾ?" ನನ್ನ ಉತ್ತರವೂ ಒಂದೇ. "ಬೇಡ ಸಾರ್."

ಬಿಚ್ಚುವುದು ಸುಲಭ. ಇಬ್ಬರು ಹುಡುಗರು ಕೂತರೆ ಕೆಲವೇ ದಿನದಲ್ಲಿ ಬರೀ ಚಾಸಿಸ್ ಉಳಿಯುತ್ತದೆ. ಆಮೇಲೆ ಇಂಜಿನ್ ಬ್ಲಾಕ್ ಬೋರಿಂಗಿಗೆ ಹೋಗುತ್ತದೆ. ಗೇರ್‌ಬಾಕ್ಸ್ ಗೋಣಿಚೀಲ ಹೊದ್ದು ಮೂಲೆ ಸೇರುತ್ತದೆ. ನಟ್ಟು ಬೋಲ್ಟುಗಳೆಲ್ಲ ಒಂದೇ ಡಬ್ಬಕ್ಕೆ ಬೀಳುತ್ತವೆ. ಅಷ್ಟರಲ್ಲಿ ಮಂಡಿ ಆಪರೇಷನ್ ಬರುತ್ತದೆ. ಇಲ್ಲವೇ ಮಗಳ ಬಾಣಂತನಕ್ಕೆ ಅಂತ ಹೆಂಡತಿ ಜತೆ ಆರು ತಿಂಗಳು ಅಮೆರಿಕ. ವಾಪಸ್ ಬರುವ ಹೊತ್ತಿಗೆ ಬಿಚ್ಚಿದ ಹುಡುಗ ಬೇರೆ ಕಡೆ ಕೆಲಸಕ್ಕೆ ಸೇರಿರುತ್ತಾನೆ. ಯಾವ ಬೋಲ್ಟು ಎಲ್ಲಿಯದು ಅಂತ ಹೇಳುವವರಿಲ್ಲ. ಮೂವತ್ತನೇ ವಯಸ್ಸಿನಲ್ಲಿ ಇದಕ್ಕೆಲ್ಲ ಕಾಯಬಹುದು. ಅರವತ್ತೈದರಲ್ಲಿ ಬಿಚ್ಚಿಟ್ಟ ಲಾರಿ ಕೊನೆಗೆ ಕೆಜಿ ಲೆಕ್ಕದಲ್ಲಿ ಹೋಗುವುದನ್ನೇ ನಾನು ಜಾಸ್ತಿ ನೋಡಿದ್ದೇನೆ.

ಹಾಗಾಗಿ ನಾನು ಹಾಕಿಕೊಂಡ ನಿಯಮ ಇದು. ಲಾರಿ ಯಾವಾಗಲೂ ತನ್ನ ಚಕ್ರದ ಮೇಲೆ ನಿಂತಿರಬೇಕು. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಬೇಕು. ಅದು ಮುಗಿದು, ಕೂಡಿಸಿ, ಗಾಡಿ ನಾಲ್ಕು ಹೆಜ್ಜೆ ಹೋಗಿ ಬಂದ ಮೇಲೇ ಮುಂದಿನದಕ್ಕೆ ಕೈ. ಪೇಂಟ್ ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಫೋಟೋಗೆ ಚಂದ ಕಾಣುವುದು ತಡ ಆಗುತ್ತದೆ, ನಿಜ. ಆದರೆ ಮಾಲೀಕರು ತಮ್ಮ ಲಾರಿಯನ್ನು ತಾವೇ ಓಡಿಸುತ್ತಾರೆ.

ಕೆಲಸ ಶುರು ಮಾಡುವ ಮೊದಲು ಕೈಯಲ್ಲಿರುವುದು ಏನು ಅಂತ ಗೊತ್ತಿರಬೇಕು. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಮತ್ತು ಜರ್ಮನಿಯ ಡೈಮ್ಲರ್ ಬೆಂಜ್ ಒಪ್ಪಂದ ಆದದ್ದು 1954ರಲ್ಲಿ, ಮುಗಿದದ್ದು 1969ರಲ್ಲಿ. ಆ ನಡುವೆ ಬಂದ, ಮೂತಿಯ ಮೇಲೆ ನಕ್ಷತ್ರ ಇರುವ ಲಾರಿಗಳಿಗೆ ಈಗ ಐವತ್ತೈದರ ಮೇಲೆ ವಯಸ್ಸು. ಡಾಡ್ಜ್, ಫಾರ್ಗೊ ಬಂದದ್ದು ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ. ಬೆಡ್‌ಫೋರ್ಡ್ ಕೋಲ್ಕತ್ತಾ ಪಕ್ಕದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್‌ನದು. ಲೇಲ್ಯಾಂಡ್ ಕಾಮೆಟ್ ಮದ್ರಾಸಿನ ಎಣ್ಣೂರಿನದು. ಇವುಗಳಲ್ಲಿ ಸಾಕುವುದಕ್ಕೆ ಸುಲಭ ಟಾಟಾನೇ. ಅದೇ ಮನೆತನದ 1210 ಮಾಡೆಲ್ ಬಹಳ ವರ್ಷ ನಡೆಯಿತು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಾಳ್ಮೆಯಿಂದ ಹುಡುಕಿದರೆ ಸಾಮಾನು ಸಿಗುತ್ತದೆ. ಫಾರ್ಗೊಗೆ ಸಾಮಾನು ಹುಡುಕುವುದೇ ಒಂದು ಹವ್ಯಾಸ, ಲಾರಿ ಎರಡನೆಯದು.

'ಒರಿಜಿನಲ್ ಇರಬೇಕು' ಅಂತ ಹಟ ಹಿಡಿಯುವವರಿಗೆ ಒಂದು ಮಾತು. ನಮ್ಮಲ್ಲಿ ಆ ಕಾಲದ ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಹೊರಬಿದ್ದದ್ದು ಬರೀ ಚಾಸಿಸ್, ಇಂಜಿನ್ ಮತ್ತು ಮುಂದಿನ ಮೂತಿ ಇಷ್ಟೇ ಆಗಿ. ಡ್ರೈವರ್ ಚಳಿಗೆ ಟವೆಲ್ ಸುತ್ತಿಕೊಂಡು ಹಲಗೆಯ ಮೇಲೆ ಕೂತು ಊರಿಗೆ ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್ನು, ಹಿಂದಿನ ಬಾಡಿ ಎರಡೂ ಊರಿನ ಬಡಗಿ, ಟಿಂಕರ್ ಸೇರಿ ಕಟ್ಟಿದ್ದು. ಜರ್ಮನಿಯ ಕ್ಯಾಟಲಾಗ್ ನೋಡಿ ತಗಡಿನ ಕ್ಯಾಬಿನ್ ಮಾಡಿಸಲು ಹೊರಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ನಿಮ್ಮ ಲಾರಿಗೆ ಒರಿಜಿನಲ್ ಅಂದರೆ ಆ ಮರದ ಕ್ಯಾಬಿನ್ನೇ. ಹುಳ ಹಿಡಿದ ತುಂಡನ್ನು ಮಾತ್ರ ತೆಗೆದು, ಅದೇ ಜಾತಿಯ ಮರ ಜೋಡಿಸಿ. ಬಾಗಿಲಿನ ಮೇಲೆ ಪೇಂಟರ್ ಕೈಯಿಂದ ಬರೆದ ಹೆಸರು ಸ್ವಲ್ಪ ಮಾಸಿದ್ದರೂ ಹಾಗೇ ಬಿಡಿ.

ಪಾನಾ ವಿಷಯ ಸಣ್ಣದು, ಹಾಳು ಮಾಡುವುದು ಮಾತ್ರ ಜಾಸ್ತಿ. ಟಾಟಾ ಮರ್ಸಿಡಿಸ್ ಎಂಎಂ ಲೆಕ್ಕದ್ದು. ಡಾಡ್ಜ್, ಫಾರ್ಗೊ ಇಂಚಿನವು. ಅರ್ಧ ಇಂಚು ಅಂದರೆ 12.7 ಎಂಎಂ, ಹದಿಮೂರರ ಪಾನಾ ಅದಕ್ಕೆ ಕೂರುತ್ತದೆ. ಸಡಿಲವಾಗಿ ಕೂರುತ್ತದೆ, ಅದೇ ತೊಂದರೆ. ತುಕ್ಕು ಹಿಡಿದ ಬೋಲ್ಟಿಗೆ ಬಲ ಹಾಕಿದ ತಕ್ಷಣ ಮೂಲೆ ಸವೆದು ತಲೆ ಗುಂಡಗಾಗುತ್ತದೆ, ನಿಮ್ಮ ಕೈ ಜಾರಿ ಚಾಸಿಸ್ಸಿಗೆ ಬಡಿಯುತ್ತದೆ. ಇಂಚಿನ ಸೆಟ್ ಒಂದನ್ನು ಬೇರೆಯೇ ಇಟ್ಟುಕೊಳ್ಳಿ.

ಇನ್ನು ಬ್ರೇಕು. ಇಂಜಿನ್ ಸ್ಟಾರ್ಟ್ ಮಾಡುವ ಆಸೆ ಎಷ್ಟೇ ಇದ್ದರೂ ಮೊದಲ ಕೆಲಸ ಇದು. ನಿಲ್ಲದ ಲಾರಿ ಓಡದಿದ್ದರೇ ಒಳ್ಳೆಯದು. ಆ ಕಾಲದ ಹೈಡ್ರಾಲಿಕ್ ಬ್ರೇಕುಗಳಲ್ಲಿ ಹೆಚ್ಚಿನವು ಒಂದೇ ಲೈನಿನವು. ಎಲ್ಲ ಚಕ್ರಕ್ಕೂ ಒಂದೇ ಮಾಸ್ಟರ್ ಸಿಲಿಂಡರ್. ಯಾವುದೋ ಒಂದು ಪೈಪ್ ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ಒಂದು ಚಕ್ರಕ್ಕೂ ಬ್ರೇಕ್ ಉಳಿಯುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಆ ನೀರು ವೀಲ್ ಸಿಲಿಂಡರಿನ ತಳದಲ್ಲಿ ನಿಂತು ಒಳಗೋಡೆಯನ್ನು ತಿನ್ನುತ್ತದೆ. ಸಿಲಿಂಡರ್ ಬಿಚ್ಚಿ, ಒರೆಸಿ, ಒಳಗೆ ಬೆರಳು ಹಾಕಿ ಉಗುರಿನಿಂದ ಸವರಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ, ಮಳೆಗಾಲದೊಳಗೆ ಮತ್ತೆ ಸೋರುತ್ತದೆ. ಒಳ್ಳೆಯ ಲೇತ್ ಕೆಲಸದವರು ಬೋರ್ ಮಾಡಿ ಸ್ಟೀಲ್ ಸ್ಲೀವ್ ಕೂರಿಸಿಕೊಡುತ್ತಾರೆ, ಹೊಸ ಸಿಲಿಂಡರ್ ಸಿಗದ ಗಾಡಿಗಳಿಗೆ ಇದೇ ದಾರಿ. ರಬ್ಬರನ್ನು ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯಬೇಡಿ, ಊದಿಕೊಂಡು ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಗಾಡಿ ಓಡಿರಲಿ ಬಿಡಲಿ.

ಡ್ರಮ್ ತೆಗೆದಾಗ ಒಳಗಿರುವ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಹಳೆ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದು ಶ್ವಾಸಕೋಶ ಸೇರಿದರೆ ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ದಶಕಗಳೇ ಹಿಡಿಯುತ್ತವೆ. ನಮ್ಮ ವಯಸ್ಸಿನವರು 'ನಮಗೇನು ಬಿಡಿ' ಅನ್ನಬಹುದು. ಪಕ್ಕದಲ್ಲಿ ಲೈಟ್ ಹಿಡಿದು ನಿಂತಿರುವ ಹುಡುಗನಿಗೆ ಇಪ್ಪತ್ತು, ಅಲ್ವಾ? ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಒಳ್ಳೆ ಮಾಸ್ಕ್ ಹಾಕಿಕೊಳ್ಳಿ.

ಚಕ್ರದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ. ಹಳೆ ಲಾರಿ ರಿಮ್ಮುಗಳಲ್ಲಿ ಟೈರನ್ನು ಹಿಡಿದಿಡುವುದು ಒಂದು ಲಾಕ್ ರಿಂಗ್. ಅದಕ್ಕೆ ತುಕ್ಕು ಹಿಡಿದಿದ್ದರೆ, ಅಥವಾ ರಿಮ್ಮಿನ ತೋಡಿನಲ್ಲಿ ಸರಿಯಾಗಿ ಕೂತಿರದಿದ್ದರೆ, ಗಾಳಿ ತುಂಬುವಾಗ ಸಿಡಿಯುತ್ತದೆ. ಎದುರಿಗೆ ಯಾರಿದ್ದರೂ ಉಳಿಯುವುದು ಕಷ್ಟ. ಮನೆಯ ಅಂಗಳದಲ್ಲಿ ಈ ಕೆಲಸ ಮಾಡಲೇಬೇಡಿ, ಕಬ್ಬಿಣದ ಪಂಜರ ಇರುವ ಟೈರ್ ಅಂಗಡಿಗೇ ಕಳಿಸಿ. ಬಿಚ್ಚುವ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ಜೋಡಿ ಚಕ್ರ ಇದ್ದರೆ ಎರಡರದ್ದೂ.

ಈಗ ಮಾಲೀಕರು ಕಾಯುತ್ತಿರುವ ಇಂಜಿನ್ನಿಗೆ ಬರೋಣ. ಟಾಟಾ ಮರ್ಸಿಡಿಸ್ಸಿನ ಹಳೆ ಆರು ಸಿಲಿಂಡರ್ ಇಂಜಿನ್ನಿನಲ್ಲಿ ಡೀಸೆಲ್ ಪಂಪಿನ ಗವರ್ನರ್, ಅಂದರೆ ಇಂಜಿನ್ ವೇಗವನ್ನು ಮಿತಿಯಲ್ಲಿಡುವ ಭಾಗ, ಕೆಲಸ ಮಾಡುವುದು ಗಾಳಿಯ ಎಳೆತದಿಂದ. ಪಂಪಿನ ತುದಿಯಲ್ಲಿ ಚರ್ಮದ ಒಂದು ಡಯಾಫ್ರಮ್ ಇರುತ್ತದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಜಾಗದಿಂದ ಅಲ್ಲಿಗೆ ಒಂದು ಸಣ್ಣ ಪೈಪ್ ಬಂದಿರುತ್ತದೆ. ಎಳೆತ ಜಾಸ್ತಿ ಆದರೆ ಡಯಾಫ್ರಮ್ ಪಂಪಿನೊಳಗೆ ಡೀಸೆಲ್ ಅಳತೆ ನೋಡುವ ಸರಳಾದ ರ್‍ಯಾಕನ್ನು ಹಿಂದಕ್ಕೆ ಎಳೆದು ಡೀಸೆಲ್ ಕಮ್ಮಿ ಮಾಡುತ್ತದೆ. ವರ್ಷಗಟ್ಟಲೆ ನಿಂತ ಲಾರಿಯಲ್ಲಿ ಆ ಚರ್ಮ ಒಣಗಿ ಬಿರುಕು ಬಿಟ್ಟಿರುತ್ತದೆ. ಹಾಗಿದ್ದಾಗ ಸ್ಟಾರ್ಟ್ ಮಾಡಿದರೆ ತಡೆಯುವವರಿಲ್ಲ. ಆಕ್ಸಿಲರೇಟರ್ ಮುಟ್ಟದಿದ್ದರೂ ಇಂಜಿನ್ ಕಿರುಚುತ್ತಾ ಏರುತ್ತಲೇ ಹೋಗುತ್ತದೆ.

ಪರೀಕ್ಷೆ ಸುಲಭ, ಐದು ನಿಮಿಷ ಸಾಕು. ಇಂಜಿನ್ ನಿಂತಿರುವಾಗ ಆ ಸಣ್ಣ ಪೈಪನ್ನು ಪಂಪಿನ ಕಡೆ ಬಿಚ್ಚಿ. ಸ್ಟಾಪ್ ಲಿವರನ್ನು ಪೂರ್ತಿ ಎಳೆದು ಹಿಡಿದು, ತೂತನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ಲಿವರ್ ಬಿಡಿ. ಡಯಾಫ್ರಮ್ ಚೆನ್ನಾಗಿದ್ದರೆ ರ್‍ಯಾಕ್ ಸ್ವಲ್ಪ ಸರಿದು ಅಲ್ಲೇ ತಡೆದು ನಿಲ್ಲುತ್ತದೆ, ಬೆರಳನ್ನು ಒಳಕ್ಕೆ ಎಳೆದ ಹಾಗೆ ಆಗುತ್ತದೆ. ಏನೂ ತಡೆಯಿಲ್ಲದೆ ಸರ್ರನೆ ವಾಪಸ್ ಹೋದರೆ ಚರ್ಮ ಹರಿದಿದೆ. ಪಂಪ್ ಬೆಂಗಳೂರಿನ ಮೈಕೊ (ಈಗಿನ ಬಾಷ್) ಕಂಪನಿಯದ್ದಾಗಿದ್ದರೆ ಅದನ್ನು ಬಲ್ಲ ಹಳಬರು ಜಿಲ್ಲಾ ಕೇಂದ್ರಗಳ ಪಂಪ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತಾರೆ. ಪರೀಕ್ಷೆ ಪಾಸಾದರೂ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ತೆಗೆದಿಟ್ಟು, ಒಬ್ಬ ದಪ್ಪ ಹಲಗೆ ಹಿಡಿದು ಪಕ್ಕದಲ್ಲಿ ನಿಂತಿರಲಿ. ಇಂಜಿನ್ ಕೈ ಮೀರಿದರೆ ಗಾಳಿಯ ಬಾಯಿಗೆ ಹಲಗೆ ಒತ್ತಿದರೆ ಸಾಕು. ಅಂಗೈ ಅಡ್ಡ ಇಡಬೇಡಿ.

ಇನ್ನು ದೇಹದ ಮಾತು. 9.00-20 ಟೈರಿನ ಚಕ್ರ ರಿಮ್ ಸೇರಿ 90 ಕೆಜಿ ಆಸುಪಾಸು ತೂಗುತ್ತದೆ. ಲಾರಿಯ ದೊಡ್ಡ ಬ್ಯಾಟರಿ ಒಂದು ಅಕ್ಕಿ ಮೂಟೆಯಷ್ಟು. ಇವನ್ನು ಎತ್ತುವುದು ನಿಮ್ಮ ಕೆಲಸ ಅಲ್ಲವೇ ಅಲ್ಲ. ಚಕ್ರ ಕೂರಿಸುವಾಗ ಜಾಕಿಯನ್ನು ಬೇಕಾದಷ್ಟೇ ಏರಿಸಿ, ಟೈರಿನ ಅಡಿಗೆ ಹಾರೆ ತೂರಿಸಿ ಮೀಟಿದರೆ ಸ್ಟಡ್ಡಿಗೆ ಸರಿಯಾಗಿ ಬರುತ್ತದೆ. ಹಳೆ ಕ್ಲೀನರುಗಳೆಲ್ಲ ಹೀಗೇ ಮಾಡುತ್ತಿದ್ದರು. ಜಾಕಿಯನ್ನೇ ನಂಬಿ ಅಡಿಗೆ ಹೋಗಬೇಡಿ, ಕಬ್ಬಿಣದ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಭಾರಕ್ಕೆ ಪುಡಿಯಾಗುತ್ತವೆ. ಮಂಡಿ ನೋವಿದ್ದವರಿಗೆ ಪಿಟ್ ಕಟ್ಟಿಸುವುದು ಅತ್ಯುತ್ತಮ ಖರ್ಚು. ನಿಂತು ಕೆಲಸ ಮಾಡಬಹುದು. ಆದರೆ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇರಲಿ, ಪಿಟ್ ಮೇಲೆ ಗಾಡಿ ಇಟ್ಟು ಇಂಜಿನ್ ಓಡಿಸಬೇಡಿ, ಹೊಗೆ ಕೆಳಗೆ ನಿಲ್ಲುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಗ್ಲೌಸ್ ಇಲ್ಲದೆ ತಗಡು ಮುಟ್ಟಬಾರದು. ಸಕ್ಕರೆ ಕಾಯಿಲೆ ಇದ್ದವರು ಚಪ್ಪಲಿಯಲ್ಲಿ ಗ್ಯಾರೇಜಿಗೆ ಬರಬಾರದು, ವೆಲ್ಡಿಂಗ್ ಕಿಡಿ ಬಿದ್ದದ್ದೂ ಕಾಲಿಗೆ ಗೊತ್ತಾಗುವುದಿಲ್ಲ. ಪೇಸ್‌ಮೇಕರ್ ಇದ್ದವರು ಆರ್ಕ್ ವೆಲ್ಡಿಂಗ್ ಹತ್ತಿರ ಹೋಗುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಪೆಟ್ರೋಲ್ ಲಾರಿಗೆ ಹ್ಯಾಂಡಲ್ ಹೊಡೆಯುವ ಶೋಕಿ ಬೇಡ, ಅದು ತಿರುಗಿ ಹೊಡೆದರೆ ಮಣಿಕಟ್ಟು ಮುರಿಯುತ್ತದೆ. ನಿಮ್ಮ ಕೈಗೆ ಒಗ್ಗುವ ಕೆಲಸ ಬೇಕಾದಷ್ಟಿದೆ. ವೈರಿಂಗ್, ಕಾರ್ಬುರೇಟರ್, ಡೈನಮೊ, ಮೀಟರ್ ಬೋರ್ಡು, ಸೀಟು, ಮರದ ಪಾಲಿಶ್. ಕುರ್ಚಿ ಹಾಕಿ, ಒಳ್ಳೆ ಬೆಳಕಿಟ್ಟು, ಟೇಬಲ್ ಮೇಲೆ ಮಾಡುವಂಥವು. ಸಾಮಾನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಕ್ಕೆ ಹಾಕಿ ಚೀಟಿ ಅಂಟಿಸಿ.

ಲಾರಿ ಸರಿಹೋದ ಮೇಲೆ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವವರಿದ್ದಾರೆ. ಅದು ಉಪಕಾರಕ್ಕಿಂತ ಅಪಕಾರ. ಇಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ನೀರಾವಿ ಉಳಿದು ಆಯಿಲ್ ಕೆಡುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ತಿಂಗಳಿಗೊಮ್ಮೆ ಆದರೂ ಸರಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಬ್ರೇಕ್, ಕ್ಲಚ್, ಗೇರು ಎಲ್ಲಕ್ಕೂ ಕೆಲಸ ಸಿಗಬೇಕು. ಬಂದ ಮೇಲೆ ಪ್ರತಿ ನಿಪ್ಪಲ್ಲಿಗೂ ಹಳೆ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗ್ರೀಸ್ ಹೊಡೆಯಿರಿ, ಮುಂದಿನ ಚಕ್ರ ತಿರುಗಿಸುವ ಕಿಂಗ್ ಪಿನ್ನಿಗೆ ಮರೆಯದೆ. ಮಳೆಗಾಲದಲ್ಲಿ ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲೇ ನೀರು ಹನಿಗಟ್ಟುವುದು. ಪೆಟ್ರೋಲ್ ಲಾರಿಗೆ ಲೆಕ್ಕ ಬೇರೆ. ಈಗ ಬರುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದು ನೀರು ಹೀರುತ್ತದೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹೋಸ್ ಪೈಪು, ಪಂಪಿನ ಡಯಾಫ್ರಮ್ ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ.

ಕಾಗದಪತ್ರದ ತಲೆನೋವು ಬೇರೆಯೇ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಐವತ್ತು ವರ್ಷ ದಾಟಿರಬೇಕು, ಮೊದಲಿನ ರೂಪದಲ್ಲೇ ಇರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ಲಾರಿ ಮಾಲೀಕರು ಇದನ್ನು ಓದಿ ಖುಷಿಯಿಂದ ಬರುತ್ತಾರೆ. ಆದರೆ ಆ ನಿಯಮ ಬರೆದಿರುವುದು ಬೈಕು, ಕಾರುಗಳಿಗೆ. ಸರಕು ಸಾಗಿಸುವ ಗಾಡಿ ಅದರೊಳಗೆ ಬರುವುದಿಲ್ಲ. ಲಾರಿಗೆ ಎಂದಿನ ಎಫ್‌ಸಿಯೇ (ಫಿಟ್‌ನೆಸ್ ಸರ್ಟಿಫಿಕೇಟ್) ಗತಿ, ಎಂಟು ವರ್ಷ ದಾಟಿದ ಮೇಲೆ ಅದು ಪ್ರತಿ ವರ್ಷ. ನನ್ನ ಪ್ರಕಾರ ಇದು ಅನ್ಯಾಯ, ಈ ದೇಶ ಕಟ್ಟಿದ್ದರಲ್ಲಿ ಕಾರಿಗಿಂತ ಲಾರಿಯ ಪಾಲು ಜಾಸ್ತಿ. ಅದಿರಲಿ, ದುಡ್ಡು ಸುರಿಯುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಲೈಸೆನ್ಸನ್ನೂ ನೋಡಿಕೊಳ್ಳಿ. ಒಟ್ಟು ತೂಕ 7,500 ಕೆಜಿವರೆಗಿನ ಗಾಡಿಗೆ ಕಾರಿನ ಲೈಸೆನ್ಸ್ ಸಾಕು. ಹನ್ನೆರಡು ಟನ್ನಿನ 1210ಕ್ಕೆ ಹೆವಿ ಬೇಕು, ಐದು ವರ್ಷಕ್ಕೊಮ್ಮೆ ಡಾಕ್ಟರ್ ಸರ್ಟಿಫಿಕೇಟ್ ಜತೆ ನವೀಕರಿಸಬೇಕು. ಕಣ್ಣಿನ ಪೊರೆ ಇದ್ದರೆ ಮೊದಲು ಅದನ್ನು ತೆಗೆಸಿ.

ಆರ್‌ಸಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಫಾರಂ 31 ತುಂಬಿ, ಮರಣ ಪತ್ರ, ಅಣ್ಣತಮ್ಮಂದಿರು ಅಕ್ಕತಂಗಿಯರ ಒಪ್ಪಿಗೆ ಜತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಚಾಸಿಸ್ ನಂಬರನ್ನು ಆರ್‌ಸಿ ಜತೆ ತಾಳೆ ನೋಡಿ, ಅದರ ಪೆನ್ಸಿಲ್ ಪ್ರಿಂಟ್ ಎರಡು ಮೂರು ತೆಗೆದು ಫೈಲಿನಲ್ಲಿಡಿ. ಇದನ್ನು ಪೇಂಟಿಗೆ ಬಿಡುವ ಮೊದಲೇ ಮಾಡಬೇಕು. ತುಕ್ಕು ಕೆರೆಯುವ ಹುಡುಗನ ಗ್ರೈಂಡರ್ ಒಂದು ಸಲ ಆ ನಂಬರಿನ ಮೇಲೆ ಹಾದುಹೋದರೆ, ಆಮೇಲೆ ಯಾವ ಆರ್‌ಟಿಒ ಇನ್‌ಸ್ಪೆಕ್ಟರೂ ನಿಮ್ಮ ಲಾರಿಗೆ ಸಹಿ ಹಾಕುವುದಿಲ್ಲ.